ದಂಡದ ಸುತ್ತು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ನನ್ನದು ರಾತ್ರಿ ಪಾಳಿ.
ಉಪ್ಪುನೀರ ತೊಟ್ಟಿಯಲ್ಲಿ ಇನ್ನೂರ ನಲವತ್ತು ಡಬ್ಬಿ,
ಅಮೋನಿಯಾ ಗೇಜಿನ ಪಕ್ಕ ಒಂದು ಮೊಳೆ,
ಮೊಳೆಗೆ ತೂಗುಹಾಕಿದ ಫೋನು,
ಫೋನಿನೊಳಗೆ ಹಿಮ.

ಹಿಮವೆಂದರೆ ನನಗೆ ಲೆಕ್ಕ.
ಡಬ್ಬಿಯಲ್ಲಿ ಹೆಪ್ಪುಗಟ್ಟಲು ಹದಿನೆಂಟು ತಾಸು,
ಬಂಗಡೆ ಬುಟ್ಟಿಯಲ್ಲಿ ಕರಗಲು ಆರು.
ಅಲ್ಲಿ ಅದು ಸುಮ್ಮನೆ ಬಿದ್ದಿತ್ತು
ಯಾರೂ ಬಿಲ್ಲು ಬರೆಯದೆ, ಗುಡ್ಡದಷ್ಟು.
ಅದರ ಮೇಲೆ ಬೆನ್ನಿಗೆ ಬಂದೂಕು ಕಟ್ಟಿದ ಹುಡುಗಿ:
ರೋನ್ಯಾ ಹಿಲ್ಸೆನ್‌ಬೆಕ್, ಜರ್ಮನಿ, ವಯಸ್ಸು ಹತ್ತೊಂಬತ್ತು.
"ಎಂತಾ ಆಟವಾ ಇದು," ಅಂದಿದ್ದ ಶಾಬಾ ತಾಂಡೇಲ,
"ಕಳ್ಳನ ಹಿಂದೆ ಬಿದ್ದ ಪೊಲೀಸಿನ ಹಾಗೆ ಓಡ್ತಾಳೆ,
ಇನ್ನೇನು ಸಿಕ್ಕ ಅನ್ನುವಾಗ ಮಲಗೇ ಬಿಡ್ತಾಳಲ್ಲ!"

ಮಲಗಿ ಹೊಡೆದರೆ ಗುರಿ ಲಿಂಬೆಹಣ್ಣಿನಷ್ಟು,
ನಿಂತು ಹೊಡೆದರೆ ತೆಂಗಿನ ಗೆರಟೆಯಷ್ಟು.
ಐವತ್ತು ಮೀಟರ್ ಆಚೆ ಐದು ಕಪ್ಪು ಚುಕ್ಕೆ.
ತಾಗಿತೋ, ಬಿಳಿ.
ತಪ್ಪಿದ್ದು ಕಪ್ಪಾಗಿಯೇ ಉಳಿದು ದಿಟ್ಟಿಸುತ್ತದೆ.
ಆಮೇಲೆ ದಂಡ. ತಪ್ಪಿಗೊಂದು ಸುತ್ತು, ನೂರೈವತ್ತು ಮೀಟರ್.
ಆ ರಾತ್ರಿ ಅವಳದ್ದು ನಾಲ್ಕು ಸುತ್ತು.
ಉಳಿದವರೆಲ್ಲ ಕಾಡಿನೊಳಗೆ ಮರೆಯಾದ ಮೇಲೂ
ಆ ಪುಟ್ಟ ವರ್ತುಲದಲ್ಲಿ ಒಬ್ಬಳೇ,
ಸೊಸೈಟಿಯ ಸಾಲದ ಕೊನೆ ಕಂತು
ಕೈಯಲ್ಲಿ ಹಿಡಿದು ಬಂದವಳ ಹಾಗೆ
ತಲೆ ಎತ್ತಿಕೊಂಡು.
ಅಂದಿನಿಂದ ನಾನು ಅವಳ ಪಕ್ಷ.

ಜೂನಿನಲ್ಲಿ ಬೋಟುಗಳು ದಡ ಹತ್ತಿ ಮಲಗುತ್ತಿದ್ದವು.
ನಾನು ತುಕ್ಕು ಕೆರೆದು ಡಬ್ಬಿಗೆ ಬಣ್ಣ ಬಳಿಯುವಾಗ
ಅವಳು ಕಾಲಿಗೆ ಚಕ್ರ ಕಟ್ಟಿಕೊಂಡು
ಡಾಂಬರಿನ ಮೇಲೆ ಹಿಮವನ್ನು ನೆನೆಯುತ್ತಿದ್ದಳು.
ಇಬ್ಬರಿಗೂ ಬಂದ್ ಕಾಲ.
ಡಿಸೆಂಬರ್ ಬಂತೆಂದರೆ ಇಬ್ಬರಿಗೂ ಉಸಿರು ತಿರುಗಿಸಲು ಪುರಸೊತ್ತಿಲ್ಲ.
ಒಂದು ವರ್ಷ ಬೆನ್ನು ನೋವೆಂದು ಬರಲಿಲ್ಲ.
ಒಂದು ವರ್ಷ ರಿಲೇಯಲ್ಲಿ ಕಂಚು:
ಗದ್ದದವರೆಗೆ ಹೆಪ್ಪುಗಟ್ಟಿದ ಸಿಂಬಳದಲ್ಲೇ ನಕ್ಕಳು.
ಶಾಬಾ ಎಲ್ಲರಿಗೂ ಚಾ ಹೇಳಿದ, ನನ್ನ ಖಾತೆಯಲ್ಲಿ.

ಅವಳಿಂದ ಕಲಿತದ್ದು ಒಂದೇ.
ಗುಂಡು ಹಾರಬೇಕು ಎದೆಯ ಎರಡು ಬಡಿತಗಳ ನಡುವೆ,
ದೇವಗಡದ ದೀಪ ಒಮ್ಮೆ ಮಿನುಗಿ
ಮತ್ತೆ ಮಿನುಗುವ ಮೊದಲಿನ ಕತ್ತಲಿದೆಯಲ್ಲ,
ಅಷ್ಟರೊಳಗೆ.

ಅಷ್ಟರೊಳಗೇ ಆದದ್ದು ಅದೂ.
ಪರ್ಸಿನ್ ಬೋಟು ತುಂಬಿ ಬಂದ ರಾತ್ರಿ,
ಕ್ರಷರಿನ ಬಾಯಲ್ಲಿ ಗಟ್ಟಿಯೊಂದು ಸಿಕ್ಕಿಕೊಂಡು
ಶಾಬಾ ಕೈ ಹಾಕಿದ್ದ, "ಬಂದ್ ಮಾಡು" ಅಂದಿದ್ದ.
ಸ್ವಿಚ್ಚಿನ ಮೇಲೆ ನನ್ನ ಕೈ ಇತ್ತು.
ಮೊಳೆಯಲ್ಲಿ ಅವಳು ಐದನೇ ಗುಂಡಿಗೆ ಉಸಿರು ಹಿಡಿದಿದ್ದಳು.
ನಾನೂ ಹಿಡಿದಿದ್ದೆ.

ಐದೂ ಬಿಳಿ.

ಶಾಬಾನದು ಎರಡು ಬೆರಳು.
ಧಣಿ ಕೇಳಿದಾಗ "ನಾನೇ ಜಾರಿದೆ" ಅಂದ.
ಬ್ಯಾಂಡೇಜು ಎತ್ತಿ ತೋರಿಸಿ ನಕ್ಕ ಕೂಡ.
ಅವನು ನನ್ನನ್ನು ನೋಡಿದ್ದನೋ, ಫೋನನ್ನು ನೋಡಿದ್ದನೋ,
ಇಂದಿಗೂ ಕೇಳಿಲ್ಲ.
ಮೊಳೆ ಕಿತ್ತೆ. ಗೋಡೆಯಲ್ಲಿ ತೂತು ಉಳಿಯಿತು,
ಕಪ್ಪಗೆ, ಲಿಂಬೆಗಿಂತ ಸಣ್ಣದು.

ಈ ಮಾರ್ಚಿನಲ್ಲಿ ಅವಳು ಬಿಟ್ಟಳಂತೆ.
ಕೊನೆಯ ಓಟವನ್ನು ಹಗಲಲ್ಲಿ, ಮನೆಯಲ್ಲಿ ಕೂತು ನೋಡಿದೆ.
ಮೂವತ್ತೊಂದು ವಯಸ್ಸು, ಕೊನೇ ಐದರಲ್ಲಿ ಮೂರು ಕಪ್ಪು.
ಮೂರು ಸುತ್ತು ಅವಸರವಿಲ್ಲದೆ ಮುಗಿಸಿ
ಬೇಲಿಯಾಚೆ ನಿಂತವರಿಗೆ ಕೈ ಬೀಸಿದಳು.
ಮುಗಿಯಿತು. ಬಾಕಿ ಏನೂ ಇಲ್ಲ.
ಹೊಟ್ಟೆಕಿಚ್ಚಾಯಿತು ನನಗೆ, ನಿಜ ಹೇಳಬೇಕೆಂದರೆ.

ಈಗ ಪಾಳಿ ಮುಗಿದ ಮೇಲೆ ನಾನು ಫ್ಯಾಕ್ಟರಿಗೆ ಸುತ್ತು ಬರುತ್ತೇನೆ:
ಡೀಸೆಲ್ ಪಂಪು, ಬಲೆ ಹೆಣೆಯುವ ಶೆಡ್ಡು, ಜೆಟ್ಟಿಯ ಮೂಲೆ,
ಹೆಜ್ಜೆ ಎಣಿಸಿದರೆ ಇನ್ನೂರರ ಆಸುಪಾಸು.
ಶಾಬಾ ಗೇಟಿನಲ್ಲಿ ಕೂತು ಮೂರು ಬೆರಳಲ್ಲಿ ಚೀಟಿ ಹರಿಯುತ್ತಾನೆ.
ನಾಲ್ಕು ದಿನ ನೋಡಿ ಐದನೇ ದಿನ ಕೇಳಿದ,
"ಸಕ್ಕರೆ ಕಾಯಿಲೆಯೇನಾ?"
ಹೌದು ಅಂದೆ.
"ಎಷ್ಟು ಸುತ್ತು ಹೇಳಿದ್ದಾರೆ ಡಾಕ್ಟರು?"
ಹೇಳಿಲ್ಲ, ಅಂದೆ.