ಹೊಟ್ಟು, ಕಾಳು

ಮುಳಬಾಗಿಲು ತಾಲ್ಲೂಕು ಕಚೇರಿಯ
ಹನ್ನೊಂದು ವರ್ಷದ ಅರ್ಜಿಗಳು, ನಾಲ್ಕು ಸಾವಿರದ ಆರುನೂರು.
ಪದ ಬಿಡಿಸಿದೆ, ಪ್ರತ್ಯಯ ಕಳಚಿದೆ,
'ಮತ್ತು', 'ಆದರೆ', 'ನಮ್ಮ' ಎಂಬ ಹೊಟ್ಟನ್ನು
ಕಂಪ್ಯೂಟರೇ ತೂರಿತು.

ಉಳಿದ ಕಾಳಲ್ಲಿ
ನೀರಿಗಿಂತ, ಪಹಣಿಗಿಂತ, ಪಿಂಚಣಿಗಿಂತ ಹೆಚ್ಚು
'ಕೃಪೆ'.
ಅಧ್ಯಾಯಕ್ಕೆ ಹೆಸರೂ ಇಟ್ಟಾಗಿತ್ತು:
ಗಡಿಸೀಮೆಯ ಬಡವರ ವಿಧೇಯತೆ.

ಆಮೇಲೆ ಕಣ್ಣಿಗೆ ಬಿತ್ತು,
'ಶ್ರೀಘ್ರ' ಎಂಬ ಒಂದೇ ತಪ್ಪು
ಎರಡು ಸಾವಿರ ಕಡೆ.

ಕಚೇರಿ ಗೇಟಿನೆದುರು, ಹೊಂಗೆಮರದ ಬುಡದಲ್ಲಿ
ಪಿಳ್ಳಪ್ಪ, ಅವನ ಟೈಪ್‌ರೈಟರು, ಅರ್ಜಿಗೆ ನಲವತ್ತು.
ಮುಂದೆ ನಿಂತ ನಾರೆಮ್ಮ
ತೆಲುಗಿನಲ್ಲಿ ಸರ್ವೇಯರನ ವಂಶ ಜಾಲಾಡುತ್ತಿದ್ದಳು.
ತಲೆಯೆತ್ತದೆ ಆತ ಕುಟ್ಟಿದ:
'ತಾವು ಕೃಪೆಮಾಡಿ ಶ್ರೀಘ್ರವಾಗಿ...'

"ಆಯಮ್ಮ ಹೇಳಿದ್ದು ಇದಲ್ಲವಲ್ಲ?"
"ಅದನ್ನ ಬರೆದ್ರೆ ಕಾಗದ ಬಾಗಿಲು ದಾಟ್ತದಾ ಮೇಡಂ?
ಕುತ್ಕೊಳ್ಳಿ. ಟೀ ಹೇಳ್ಲಾ?"

ನಾರೆಮ್ಮ ಹೆಬ್ಬೆಟ್ಟು ಒತ್ತಿ
ಮಿಕ್ಕ ಶಾಯಿಯನ್ನು ಮರಕ್ಕೆ ಒರೆಸಿ ಹೋದಳು.
ಆಗ ನೋಡಿದೆ. ಹೊಂಗೆಯ ತೊಗಟೆ
ಎದೆಮಟ್ಟದವರೆಗೂ ನೀಲಿ,
ಬೆರಳ ಮೇಲೆ ಬೆರಳು, ಬೆರಳ ಮೇಲೆ ಬೆರಳು.

ಮೂವತ್ತರ ತನಕ ಎಣಿಸಿದೆ.
ಟೀ ಬಂತು.