ಏಳು ದಿನ ಮುಂಚಿತವಾಗಿ

ಬಾಗಿಲಿಗೆ ಅಂಟಿಸಿದ್ದರು.
ಮೈದಾ ಅಂಟು ಇನ್ನೂ ಹಸಿ,
ಒಂದು ಮೂಲೆಗೆ ಆಗಲೇ ಇರುವೆ ಸಾಲು.

"ಪೆನ್ಷನ್ ಮೊಹಲ್ಲಾ, ಹಿಂಭಾಗದ ಮನೆಯ
ಬಾಡಿಗೆದಾರರಾದ ಶ್ರೀಮತಿ ಜಲಜಾಕ್ಷಿ ಇವರಿಗೆ
ಈ ಮೂಲಕ ತಿಳಿಯಪಡಿಸುವುದೇನೆಂದರೆ..."

ಮೂವತ್ತೊಂದು ವರ್ಷ ಹಾಸನದ ಕೋರ್ಟಿನಲ್ಲಿ ಅಮೀನರಾಗಿ
ಊರವರ ಬಾಗಿಲಿಗೆಲ್ಲ ಕಾಗದ ಅಂಟಿಸಿದ ಕೈ
ದಸ್ತಗೀರ್ ಸಾಹೇಬರದು.
ಸೋರುವ ಬಚ್ಚಲ ಗೋಡೆ ಕೆಡವುತ್ತೀನಮ್ಮ ಎಂದು
ಬಾಯಲ್ಲಿ ಹೇಳಿ ರೂಢಿಯಿಲ್ಲ.
ಅವರ ಮನೆಗೂ ನನ್ನ ಮನೆಗೂ ನಡುವೆ
ಒಂದು ಸೀಬೆಮರ, ಹದಿನಾಲ್ಕು ಹೆಜ್ಜೆ.

ಕಲಂ ಒಂದು: ಬಚ್ಚಲ ಗೋಡೆ, ಮುಂದಿನ ಮಂಗಳವಾರ.
ಕಲಂ ಎರಡು: ಒಳಗೋಣೆಯ ಗಾರೆ ಕೆತ್ತಿ ಹೊಸದಾಗಿ ಬಳಿಯುವುದು.
ಕಲಂ ಮೂರು: ಸಾಮಾನುಗಳನ್ನು ನಡುಮನೆಗೆ ಸರಿಸಿಕೊಳ್ಳತಕ್ಕದ್ದು.
ಕೊನೆಗೆ, ಜಾಗ ಸಾಲದೆ, ಅಂಚಿನಲ್ಲಿ ಅಡ್ಡಡ್ಡ:
ಬಾಡಿಗೆ ವಿಚಾರ ಕೆಲಸ ಮುಗಿದ ಮೇಲೆ.

ಹಾಲಿನ ಹುಡುಗ ಮೊದಲು ನೋಡಿದ.
ಓದಲಿಲ್ಲ, ಅಂಟಿಸಿದ್ದನ್ನು ಕಂಡ, ಸಾಕಾಯಿತು.
ಎಂಟು ಗಂಟೆಗೆಲ್ಲ ಬೀದಿಯ ಬಾಯಲ್ಲಿ
ನನ್ನ ಮನೆ ಜಪ್ತಿ.
ಗಿರಣಿ ಹೊನ್ನೇಗೌಡರ ಸೊಸೆ
ಸೆರಗಲ್ಲಿ ಐನೂರರ ನೋಟು ಮಡಚಿ ತಂದಿದ್ದಳು:
"ಎಷ್ಟು ತಿಂಗಳದ್ದಕ್ಕಾ ಬಾಕಿ?"
ಸಂಘದ ಸಾಲವಿರಬೇಕು ಅಂದರು ಯಾರೋ.
ಹೊಲಿಯಲು ಕೊಟ್ಟಿದ್ದ ಮೂವರು
ಆಗಿದ್ದಷ್ಟು ಸಾಕು ಕೊಡಿ ಎಂದು
ತೋಳು ಹಚ್ಚದ ರವಿಕೆಯನ್ನೇ ಒಯ್ದರು.
ನಾನು ಓದಿ ಹೇಳಿದೆ, ಎರಡೆರಡು ಸಲ.
ಗೋಡೆ, ಗಾರೆ, ಸಾಮಾನು.
ಕೇಳುವವರ ಕಣ್ಣು ಮಾತ್ರ
ಅಂಚಿನ ಅಡ್ಡ ಸಾಲಿನ ಮೇಲೇ.

ಕೋಪ ಬಂತು. ಹದಿನಾಲ್ಕು ಹೆಜ್ಜೆ ನಡೆದೇಬಿಡಲು ಹೊರಟೆ.
ಸೀಬೆಮರದ ಹತ್ತಿರ ನೆನಪಾಯಿತು,
ಮೊಳೆ.

ಕರಾರು ಪತ್ರದಲ್ಲಿದೆ: ಗೋಡೆಗೆ ಮೊಳೆ ಹೊಡೆಯಕೂಡದು.
ಒಳಗೋಣೆಯಲ್ಲಿ ಹನ್ನೊಂದಿವೆ.
ಕತ್ತರಿಗೊಂದು, ಅಳತೆ ಟೇಪಿಗೊಂದು,
ಕನ್ನಡಿಗೆ, ಛತ್ರಿಗೆ, ಬೀಗದ ಕೈಗೆ, ರೇಷನ್ ಕಾರ್ಡಿನ ಚೀಲಕ್ಕೆ,
ಗಿರಾಕಿಗಳ ಅಳತೆ ರವಿಕೆ ತೂಗುವ ತಂತಿಗೆ ಎರಡು,
ದೇವರ ಪಟಕ್ಕೊಂದು, ದೇವರು ಬಿದ್ದ ಮೇಲೆ ಇನ್ನೊಂದು.
ಹನ್ನೊಂದನೆಯದಕ್ಕೆ ಆರು ವರ್ಷದಿಂದ ಏನೂ ತೂಗುಬಿದ್ದಿಲ್ಲ.
ಒಂದು ರಾತ್ರಿ ಹೊಡೆಯಬೇಕೆನಿಸಿತು,
ಇಸ್ತ್ರಿಪೆಟ್ಟಿಗೆಯ ಹಿಂಬದಿಯಿಂದ ಹೊಡೆದೆ.

ಏಳು ದಿನ ಇದಕ್ಕೇ ಹೋಯಿತು.
ಗಿರಣಿ ಓಡುವ ಹೊತ್ತು ನೋಡಿ
ದಿನಕ್ಕೆರಡರಂತೆ ಕಿತ್ತೆ.
ತೂತಿಗೆ ಹಲ್ಲಿನ ಪೇಸ್ಟು ತುಂಬಿ ಬೆರಳಲ್ಲಿ ಸವರಿದೆ.
ಕೋಣೆಯೆಲ್ಲ ಲವಂಗದ ಘಮ.

ಮಂಗಳವಾರ ಬಂದರು ಅಮೀನರು,
ಜೊತೆಗೆ ಗಾರೆಕೆಲಸದ ಚೌಡಯ್ಯ.
ಹೊಸ್ತಿಲ ಆಚೆಯೇ ನಿಂತು ಕೆಮ್ಮಿದರು,
"ಬರಬಹುದೇ?" ಅಂದರು, ತಮ್ಮದೇ ಮನೆಗೆ.
ಚೌಡಯ್ಯ ಗೋಡೆ ಸವರಿದ, ಬೆರಳು ಮೂಸಿದ,
ನನ್ನ ಕಡೆ ನೋಡಿದ.
ಉಳಿ ಇಟ್ಟು ಒಂದು ಪೆಟ್ಟು.

ಸುಣ್ಣ ಹಪ್ಪಳದ ಹಾಗೆ ಎದ್ದಿತು.
ಅಡಿಯಲ್ಲಿ ನೀಲಿ, ಅದರಲ್ಲಿ
ಸೋಪು ತುಂಬಿದ ತೂತು.
ಅದರಡಿಯ ಹಳದಿಯಲ್ಲಿ
ಅರಗು ತುಂಬಿದ್ದು, ಅಕ್ಕಿಹಿಟ್ಟು ತುಂಬಿದ್ದು,
ಕಾಗದದ ಉಂಡೆ ತುರುಕಿದ್ದು.
ಬಿಡಿಸಿದರೆ ಬಾಡಿಗೆ ರಸೀದಿಯ ಚೂರು.

ಅಮೀನರು ಕನ್ನಡಕ ತೆಗೆದು ಒರೆಸಿಕೊಂಡರು.
"ಇದು ಸರ್ವೆ ಆಫೀಸಿನ ಗುಂಡಪ್ಪ.
ಇದು ಆ ನರ್ಸಮ್ಮ. ಒಂದು ಮಾತೂ ಹೇಳದೆ ಖಾಲಿ ಮಾಡಿದಳು,
ಬೀಗದ ಕೈ ಸೀಬೆಮರಕ್ಕೆ ಕಟ್ಟಿ ಹೋಗಿದ್ದಳು.
ಇದು..." ಅಲ್ಲಿಗೆ ನಿಲ್ಲಿಸಿದರು.
ನನ್ನ ಹನ್ನೊಂದರ ಮಾತೆತ್ತಲಿಲ್ಲ.

"ಬಾಡಿಗೆ?" ಅಂದೆ, ಧೂಳಿನ ನಡುವೆ.
"ಲಿಖಿತವಾಗಿ ತಿಳಿಸುತ್ತೇನೆ" ಅಂದರು.

ರಾತ್ರಿ ನಡುಮನೆಯಲ್ಲಿ
ಹೊಲಿಗೆ ಮಿಷನ್ನಿಗೂ ಅಕ್ಕಿ ಡಬ್ಬಕ್ಕೂ ನಡುವೆ ಹಾಸಿಕೊಂಡೆ.
ಪಕ್ಕದಲ್ಲಿ ಡಬ್ಬಿ, ಒಳಗೆ ಕಿತ್ತ ಮೊಳೆ.
ನೆಟ್ಟಗೆ ಮಾಡಿದರೆ ಒಂಬತ್ತು ಬಳಕೆಗೆ ಬರುತ್ತವೆ.
ಹೊಸ ಗಾರೆ ಗಟ್ಟಿಯಾಗಲು
ಇಪ್ಪತ್ತೊಂದು ದಿನ ಬೇಕಂತೆ, ಚೌಡಯ್ಯ ಹೇಳಿದ,
ನಾನು ಕೇಳದೇ ಇದ್ದರೂ.