ಹಿಂದಿನ ಎಡದ್ದು

ಬೆಳಿಗ್ಗೆ ಆರಕ್ಕೆ ಸೊಸೈಟಿಯ ಬಾಗಿಲು ತೆಗೆಯುವವಳು ನಾನು.
ಶಿರ್ವದ ಪೇಟೆಯಿಂದ ಒಂದು ಮೈಲಿ ಒಳಗೆ
ಮುರಕಲ್ಲಿನ ಗೋಡೆ, ಕಣ್ಣು ಹೊಡೆಯುವ ಟ್ಯೂಬ್‌ಲೈಟು,
ತಕ್ಕಡಿ, ಫ್ಯಾಟ್ ನೋಡುವ ಮಿಷನ್ನು,
ನೂರ ಹದಿನೇಳು ನಂಬರುಗಳ ಉದ್ದ ಪುಸ್ತಕ.
ಹಾಲಿಗೆ ಜಾತಿಯಿಲ್ಲ ಅಂತ ಅಧ್ಯಕ್ಷರು
ಪ್ರತಿ ವರ್ಷ ಮಹಾಸಭೆಯಲ್ಲಿ ಹೇಳುತ್ತಾರೆ.
ಹಾಲಿಗೆ ಡಿಗ್ರಿ ಉಂಟು.
ಅದನ್ನು ನೋಡುವ ಕಣ್ಣು ನನ್ನದು.

ನಲವತ್ತೆರಡು ಅಂದರೆ ಬೆನ್ನಿ ಬಾಯಿ.
ಕಳೆದ ಆಟಿಯಲ್ಲಿ ಅವರ ಕ್ಯಾನು ವಾಪಸು ಕಳಿಸಿದೆ.
ಬೆರಳಿಗೆ ತಾಗಿಸಿ ನೆಕ್ಕಿದರೆ ಉಪ್ಪುಪ್ಪು.
ಮಧ್ಯಾಹ್ನ ಅವರ ಹಟ್ಟಿಗೇ ಹೋಗಿ
ನಾಲ್ಕು ಮೊಲೆಯ ಹಾಲನ್ನು ತಟ್ಟೆಯ ನಾಲ್ಕು ಗುಳಿಗೆ ಹಿಂಡಿ
ನೇರಳೆ ಮದ್ದು ಬಿಟ್ಟು ಮೆಲ್ಲಗೆ ತಿರುಗಿಸಿ ತೋರಿಸಿದೆ.
ಮೂರರಲ್ಲಿ ನೀರಿನ ಹಾಗೆ ಸುತ್ತಿತು.
ಒಂದರಲ್ಲಿ ಲೋಳೆಯಾಗಿ ನಿಂತಿತು,
ಕೇಳಿದ್ದಕ್ಕೆ ಉತ್ತರ ಕೊಡಲಾಗದವರ ಹಾಗೆ.

"ನಮ್ಮ ಹಟ್ಟಿ ಗಲೀಜು ಅಂತಲಾ ನೀನು ಹೇಳುವುದು?"
ಅಲ್ಲ ಬಾಯಿ, ಎಂದೆ. ಅರ್ಧ ಸುಳ್ಳು.
ಆಟಿಯ ಮಳೆಗೆ ಯಾರ ಹಟ್ಟಿ ಒಣಗಿರುತ್ತದೆ?
ಅಲ್ಲಿಂದ ಮೇಲೆ ಕ್ಯಾನು ಇಡುತ್ತಾರೆ,
ಚೀಟಿ ತಗೊಳ್ಳುತ್ತಾರೆ,
ಮುಖ ಮಾತ್ರ ಕಟಪಾಡಿ ಬಸ್ಸು ಬರುವ ಕಡೆಗೆ.

ನಿನ್ನೆ ಸಂಜೆ ನಮ್ಮ ಬೊಳ್ಳಿಯ ಮೊದಲ ಹಿಂಡನ್ನು
ಲೋಟದ ಬಾಯಿಗೆ ಕಟ್ಟಿದ ಹಳೇ ಕೊಡೆಯ ಬಟ್ಟೆಗೆ ಬಿಟ್ಟೆ.
ಕಪ್ಪಿನ ಮೇಲೆ ಎರಡು ಕಾಳು, ಅಕ್ಕಿನುಚ್ಚಿನಷ್ಟು.
ಕೈಯಿಟ್ಟರೆ ಕೆಚ್ಚಲು ಒಂದು ಮೂಲೆಯಲ್ಲಿ ಬಿಸಿ,
ಬೇಯದ ಹಲಸಿನ ಬೀಜದ ಹಾಗೆ ಗಟ್ಟಿ.
ಕಾಲೆತ್ತಿದಳು, ಒದೆಯಲಿಲ್ಲ.
ಒದೆಯುವವಳಾಗಿದ್ದರೆ ನನಗೆ ಮೊದಲೇ ಗೊತ್ತಾಗುತ್ತಿತ್ತು.

ಇದು ಎಲ್ಲಿಂದ ಬಂತು ಅಂತ ಯಾರೂ ಹೇಳಬೇಕಾಗಿಲ್ಲ.
ಅಕ್ಕನ ಮಗಳ ಮದರಂಗಿಯ ದಿನ,
ಕೈಗೆ ಬಣ್ಣ ಹಾಕಿಸಿಕೊಳ್ಳುವ ಗಡಿಬಿಡಿಯಲ್ಲಿ
ಅರ್ಧ ಹಿಂಡಿ ಎದ್ದವಳು ನಾನೇ.
ಬೆರಳ ತುದಿಯಲ್ಲಿ ಇನ್ನೂ ಉಂಟು ಆ ಕೆಂಪು.

ಡಾಕ್ಟರು ರಾತ್ರಿ ಬಂದು ಟ್ಯೂಬು ಹಾಕಿದರು.
"ಐದು ದಿನ ಸೊಸೈಟಿಗೆ ಬೇಡ, ಕರುವಿಗೂ ಬೇಡ.
ನಿಮಗೇನು ಹೇಳುವುದು!" ಅಂತ ನಕ್ಕರು.
ನಕ್ಕದ್ದು ಬೈಕಿನ ಸದ್ದು ಹೋದ ಮೇಲೂ ಅಂಗಳದಲ್ಲಿತ್ತು.

ನಸುಕಿಗೆ ಆರು ಲೀಟರು.
ಮೂರು ಮೊಲೆಯದ್ದು ನೊರೆನೊರೆ, ನೋಡಲಿಕ್ಕೆ ಚಂದ.
ಪರೀಕ್ಷೆ ಮಾಡುವವಳ ಹಾಲನ್ನು ಪರೀಕ್ಷೆ ಮಾಡುವವರು ಯಾರು?
ಮುನ್ನೂರು ಲೀಟರಿನಲ್ಲಿ ಆರು,
ಮಣಿಪಾಲದ ಯಾವ ಹಾಸ್ಟೆಲಿನ ಚಹಾಕ್ಕೋ,
ಯಾವ ಬಾಣಂತಿಯ ಲೋಟಕ್ಕೋ.
ತುಂಬ ಹೊತ್ತು ಕ್ಯಾನಿನ ಮುಚ್ಚಳ ಹಿಡಿದುಕೊಂಡೇ ಇದ್ದೆ.
ಇದನ್ನು ಬರೆಯದೆ ಬಿಡಬಹುದಿತ್ತು.

ಬಾವಿಯಿಂದ ದೂರ ಗುಂಡಿ ತೋಡಿ ಹೊಯ್ದೆ.
ಕೆಂಪು ಮಣ್ಣು ಬೇಗ ಕುಡಿಯಲಿಲ್ಲ.
ಸ್ವಲ್ಪ ಹೊತ್ತು ಗುಲಾಬಿ ಬಣ್ಣವಾಗಿ ನಿಂತು
ಆಮೇಲೆ ಇಳಿಯಿತು.

ಆರಕ್ಕೆ ಬಾಗಿಲು ತೆಗೆದೆ. ಪುಸ್ತಕ ಬಿಡಿಸಿ
ಹದಿನೇಳರ ಎದುರು ಸೊನ್ನೆ ಬರೆದೆ,
ಒಂದನೇ ಕ್ಲಾಸಿನ ಮಗುವಿನ ಹಾಗೆ, ದುಂಡಗೆ.
ಕ್ಯೂವಿನಲ್ಲಿ ಮೊದಲು ಬೆನ್ನಿ ಬಾಯಿ.
ಪುಸ್ತಕವನ್ನು ತಲೆಕೆಳಗಾಗಿ ಓದಿದರು.

"ಯಾವುದು?"
ಹಿಂದಿನ ಎಡದ್ದು.
"ನಮ್ಮದೂ ಅದೇ ಅಲ್ಲವಾ?"

ಚೀಟಿ ಮಡಚಿ ಸೆರಗಿಗೆ ಸಿಕ್ಕಿಸಿ
ಗೇಟಿನವರೆಗೆ ಹೋದವರು ತಿರುಗಿ ಬಂದರು.
"ಹಿಂಡಿದ ಕೂಡಲೇ ಮಲಗಲಿಕ್ಕೆ ಬಿಡಬೇಡ ಮಾರಾಯ್ತಿ.
ಮೊಲೆಯ ಬಾಯಿ ಮುಚ್ಚಲಿಕ್ಕೆ ಅರ್ಧ ಗಂಟೆ ಬೇಕು.
ಎದುರಿಗೆ ಒಂದು ಹಿಡಿ ಹುಲ್ಲು ಹಾಕು,
ತಿನ್ನುತ್ತಾ ನಿಂತುಕೊಳ್ಳಲಿ."

ಆಟಿಯಲ್ಲಿ ನಾನೇ ಅವರಿಗೆ ಹೇಳಿದ ಮಾತು.
ಹೂಂ ಎಂದೆ, ಮೊದಲ ಸಲ ಕೇಳುವವಳ ಹಾಗೆ.
ಹಿಂದೆ ನಿಂತವರು ಕ್ಯಾನು ಸದ್ದು ಮಾಡಿದರು.
ಎಂಬತ್ತಾರು, ಮುಂದೆ ಬನ್ನಿ.